187 ವೋಲ್ಟ್, 6.9 ಆಂಪ್: ಗೀಸರ್‌ನ ಓಮ್ ಎಷ್ಟು, ವ್ಯಾಟ್ ಎಷ್ಟು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಮನೆ ತೋಟದ ಆಚೆ ತುದಿಯಲ್ಲಿದೆ. ಬಚ್ಚಲಲ್ಲಿ ಹಂಡೆ ಒಲೆ ಈಗಲೂ ಉಂಟು, ಆದರೆ ಮಳೆಗಾಲದಲ್ಲಿ ಒದ್ದೆ ಸೌದೆ ಊದುತ್ತಾ ಕೂರುವುದು ಯಾರಿಗೂ ಬೇಡವಾಗಿದೆ. ಹಾಗಾಗಿ 15 ಲೀಟರ್ ಗೀಸರ್ ಹಾಕಿಸಿದೆವು. ಲೇಬಲ್ ಮೇಲೆ 2000 ವ್ಯಾಟ್, 230 ವೋಲ್ಟ್ ಅಂತಿದೆ. ಇಪ್ಪತ್ತು ನಿಮಿಷ ಸಾಕು ಅಂತ ಅಂಗಡಿಯಲ್ಲಿ ಹೇಳಿದ್ದರು. ಇಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತದೆ.

ಗೀಸರ್ ಓಡುತ್ತಿರುವಾಗ ಅಳೆದೆ. ಪಾಯಿಂಟ್‌ನಲ್ಲಿ 187 ವೋಲ್ಟ್, ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ 6.9 ಆಂಪ್. ಈಗ ಓಮ್, ಅಂದರೆ ಕಾಯಿಲ್ ಕರೆಂಟಿಗೆ ಒಡ್ಡುವ ರೋಧದ ಲೆಕ್ಕ ಹಾಕಿದರೆ ಮೂರು ಉತ್ತರ ಬರುತ್ತಿದೆ.

ಲೇಬಲ್ ನಂಬಿದರೆ: 230 × 230 ÷ 2000 = 26.45 ಓಮ್
ಅಳತೆ ನಂಬಿದರೆ: 187 ÷ 6.9 = 27.1 ಓಮ್
ಅಳೆದ ವೋಲ್ಟ್‌ಗೆ ಲೇಬಲ್ ವ್ಯಾಟ್ ಹಾಕಿದರೆ: 187 × 187 ÷ 2000 = 17.5 ಓಮ್

ಮಗಳ ಹತ್ತನೇ ಕ್ಲಾಸ್ ಪುಸ್ತಕ ನೋಡಿದರೆ ಎಲ್ಲಾ ಸೂತ್ರವೂ ಸರಿಯೇ. ಹಾಗಾದರೆ ಯಾವುದನ್ನು ನಂಬುವುದು?

ಹಳೇ ವೈಂಡರ್

27.1 ನಂಬಿ. ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಅಳೆದ ಎರಡು ಅಂಕಿಯಿಂದ ಬಂದ ಉತ್ತರ ಅದು. ಲೇಬಲ್‌ನಿಂದ ಬಂದ 26.45 ಅದಕ್ಕೆ ಹತ್ತಿರವೇ ಇದೆ. ಕಾಯಿಲ್ ತಯಾರಾಗುವಾಗ ಅಷ್ಟು ಆಚೀಚೆ ಆಗುವುದು ಮಾಮೂಲಿ.

ಮೂರನೆಯದು ಎರಡು ಬೇರೆ ಬೇರೆ ಸ್ಥಿತಿಯ ಅಂಕಿಗಳನ್ನು ಒಂದೇ ಸೂತ್ರಕ್ಕೆ ತುಂಬಿದ್ದು. 2000 ವ್ಯಾಟ್ ಅನ್ನುವುದು 230 ವೋಲ್ಟ್ ಸಿಕ್ಕಾಗಿನ ಮಾತು. ನಿಮ್ಮಲ್ಲಿ 230 ಎಲ್ಲಿದೆ? ಗೀಸರ್ ಒಳಗಿನ ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ಕಾಯಿಲ್‌ಗೆ ತನ್ನದು ಅಂತ ಇರುವುದು ಓಮ್ ಮಾತ್ರ. ವೋಲ್ಟ್ ಲೈನ್ ಕೊಡುತ್ತದೆ. ಆಂಪ್, ವ್ಯಾಟ್ ಎರಡೂ ಆಮೇಲೆ ಹುಟ್ಟುವಂಥವು.

ಈಗ ನಿಮ್ಮ ಗೀಸರ್ ನಿಜವಾಗಿ ತಿನ್ನುತ್ತಿರುವುದು 187 × 6.9 = 1290 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇ 19 ಅಷ್ಟೇ, ಪವರ್ ಇಳಿದದ್ದು ಶೇ 35. ವೋಲ್ಟ್ ಕಮ್ಮಿಯಾದರೆ ಆಂಪ್ ಕೂಡ ಕಮ್ಮಿಯಾಗುತ್ತದೆ, ಗುಣಿಸಿದಾಗ ಪೆಟ್ಟು ಎರಡು ಸಲ ಬೀಳುತ್ತದೆ.

ಹತ್ತನೇ ಕ್ಲಾಸ್ ಮೇಷ್ಟ್ರು

ವೈಂಡರ್ ಹೇಳಿದ್ದು ಸರಿ. ಮಕ್ಕಳಿಗೂ ನಾನು ಇದನ್ನೇ ಹೇಳುವುದು. ಸೂತ್ರ ಬಾಯಿಪಾಠ ಮಾಡಿದರೆ ಸಾಲದು, ಯಾವ ಅಂಕಿ ಯಾವ ಸ್ಥಿತಿಯದು ಅಂತ ಮೊದಲು ನೋಡಬೇಕು. ಓಮ್ ತನ್ನ ನಿಯಮ ಪ್ರಕಟಿಸಿದ್ದು 1827ರಲ್ಲಿ, ಜೌಲ್ ಬಿಸಿಯ ಲೆಕ್ಕ ಕೊಟ್ಟದ್ದು 1841ರ ಹೊತ್ತಿಗೆ. ಪರೀಕ್ಷೆಗೆ ಬೇಕಾದ ಸೂತ್ರವೆಲ್ಲ ಈ ಎರಡರಿಂದಲೇ ಬರುತ್ತದೆ:

ಓಮ್ = ವೋಲ್ಟ್ ÷ ಆಂಪ್
ವ್ಯಾಟ್ = ವೋಲ್ಟ್ × ಆಂಪ್
ವ್ಯಾಟ್ = ಆಂಪ್ × ಆಂಪ್ × ಓಮ್
ವ್ಯಾಟ್ = ವೋಲ್ಟ್ × ವೋಲ್ಟ್ ÷ ಓಮ್

ನೀರಿನ ಲೆಕ್ಕವನ್ನೂ ಹಾಕಿಬಿಡೋಣ. 15 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಸುಮಾರು 22 ಲಕ್ಷ ಜೌಲ್ ಬೇಕು. ಅಂದರೆ 0.61 ಯೂನಿಟ್. 2000 ವ್ಯಾಟ್ ಸಿಕ್ಕಿದ್ದರೆ 18 ನಿಮಿಷ. 1290 ವ್ಯಾಟ್‌ಗೆ 28 ನಿಮಿಷ. ನಿಮ್ಮ ಅರ್ಧ ಗಂಟೆಗೆ ತಾಳೆಯಾಯಿತಲ್ಲ. ಗೀಸರ್ ಮೇಲೆ ಏನೂ ತಪ್ಪಿಲ್ಲ.

ಸುಮ್ನೆ ಓದುಗ

ಮೇಷ್ಟ್ರೇ, ಹಾಗಾದರೆ ಲೋ ವೋಲ್ಟೇಜ್ ಇದ್ದರೆ ಬಿಲ್ ಜಾಸ್ತಿ ಬರುತ್ತದೆ ಅನ್ನುವುದು ಸುಳ್ಳಾ? ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಾರೆ.

ಹತ್ತನೇ ಕ್ಲಾಸ್ ಮೇಷ್ಟ್ರು

ಗೀಸರ್ ಮಟ್ಟಿಗೆ ಸುಳ್ಳು. ವೋಲ್ಟೇಜ್ ಎಷ್ಟೇ ಇರಲಿ, ನೀರು ಕಾಯಿಸುವುದಕ್ಕೆ ಬೇಕಾದ ಯೂನಿಟ್ ಅಷ್ಟೇ. ಕಮ್ಮಿ ಪವರ್, ಜಾಸ್ತಿ ಹೊತ್ತು. ಆ ಜಾಸ್ತಿ ಹೊತ್ತಿನಲ್ಲಿ ಟ್ಯಾಂಕ್‌ನಿಂದ ಒಂಚೂರು ಬಿಸಿ ಹೊರಗೆ ಹೋಗುತ್ತದೆ, ಅದು ಲೆಕ್ಕಕ್ಕಿಲ್ಲ. ಕರೆಂಟ್ ಬಿಲ್ಲಿನ ಮೀಟರ್‌ನಿಂದ ಮನೆವರೆಗಿನ ವೈರ್ ಬಿಸಿಯಾಗಿ ಪೋಲಾಗುವುದು ಮಾತ್ರ ನಿಮ್ಮ ಬಿಲ್‌ಗೇ ಬರುತ್ತದೆ. ತೋಟದಮನೆಯವರ ವಿಷಯದಲ್ಲಿ ನನಗೆ ಅದರ ಮೇಲೇ ಅನುಮಾನ.

ಹಳೇ ವೈಂಡರ್

ನನಗೂ ಅದೇ. ತೋಟದಮನೆ, ಒಂದು ಕೆಲಸ ಮಾಡಿ. ಮನೆಯ ಉಳಿದ ಲೋಡ್ ಎಲ್ಲಾ ಬಂದ್ ಮಾಡಿ. ಗೀಸರ್ ಆಫ್ ಇದ್ದಾಗ ಪಾಯಿಂಟ್‌ನಲ್ಲಿ ಎಷ್ಟು ವೋಲ್ಟ್, ಆನ್ ಮಾಡಿದಾಗ ಎಷ್ಟು ಅಂತ ನೋಡಿ. ಮೀಟರ್ ಹತ್ತಿರವೂ ಹಾಗೇ ಎರಡು ಸಲ. ಮೀಟರ್‌ನ ಸೀಲ್ ಮುಟ್ಟಬೇಡಿ, ಅದರ ಕೆಳಗಿನ ಮೇನ್ ಸ್ವಿಚ್‌ನಲ್ಲಿ ಅಳೆಯಿರಿ. ಕೈ ಕಾಲು ಒಣಗಿರಲಿ, ಚಪ್ಪಲಿ ಹಾಕಿಕೊಳ್ಳಿ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಅಳೆಸಿ.

ಇನ್ನೂ ಎರಡು ಮಾತು, ಓದುವ ಬೇರೆಯವರಿಗೂ ಸೇರಿ. ಕ್ಲ್ಯಾಂಪ್ ಒಳಗೆ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಹೊಡೆದುಹಾಕುತ್ತವೆ. ಎರಡನೆಯದು, ಸಾದಾ ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ ಪ್ಲಗ್ ಪಾಯಿಂಟ್‌ನ ಎರಡು ಕಡೆ ಚುಚ್ಚಲೇಬೇಡಿ. ಅದು ಅಳತೆ ಅಲ್ಲ, ನೇರ ಶಾರ್ಟ್ ಸರ್ಕ್ಯೂಟ್. ಸುಟ್ಟು ಕಪ್ಪಾದ ಮೀಟರ್ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದವರು ಬೇಕಾದಷ್ಟು ಜನ ಇದ್ದಾರೆ.

ಪಿಯು ಮೊದಲನೇ ವರ್ಷ

ನಡುವೆ ನನ್ನದೊಂದು ಪ್ರಶ್ನೆ. ಮನೆಯಲ್ಲಿ ಹಳೆಯ 100 ವ್ಯಾಟ್ ಗುಂಡು ಬಲ್ಬ್ ಇತ್ತು. ಲೆಕ್ಕದ ಪ್ರಕಾರ 230 × 230 ÷ 100 = 529 ಓಮ್ ಬರಬೇಕು. ಮಲ್ಟಿಮೀಟರ್ ಇಟ್ಟರೆ ಬರೀ 38 ತೋರಿಸುತ್ತಿದೆ. ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಮೀಟರ್ ಹಾಳಾ?

ಹತ್ತನೇ ಕ್ಲಾಸ್ ಮೇಷ್ಟ್ರು

ಮೀಟರ್ ಚೆನ್ನಾಗಿದೆ. ನೀನು ಅಳೆದದ್ದು ತಣ್ಣಗಿರುವ ಬಲ್ಬ್. ಉರಿಯುವಾಗ ಒಳಗಿನ ಟಂಗ್‌ಸ್ಟನ್ ಎಳೆ ಎರಡೂವರೆ ಸಾವಿರ ಡಿಗ್ರಿ ಹತ್ತಿರ ಹೋಗುತ್ತದೆ. ಆಗ ಅದರ ರೋಧ ಹತ್ತು ಹದಿನೈದು ಪಟ್ಟು ಏರುತ್ತದೆ. 38 ಎಲ್ಲಿ, 529 ಎಲ್ಲಿ, ಹದಿನಾಲ್ಕು ಪಟ್ಟು. ಸರಿಯಾಗಿಯೇ ಇದೆ.

ಸ್ವಿಚ್ ಒತ್ತಿದ ಆ ಕ್ಷಣ ಎಳೆ ಇನ್ನೂ ತಣ್ಣಗಿರುತ್ತದೆ. 230 ÷ 38 ಅಂದರೆ 6 ಆಂಪ್ ನುಗ್ಗುತ್ತದೆ. ಬಿಸಿಯಾದ ಮೇಲೆ ಅರ್ಧ ಆಂಪ್‌ಗಿಂತ ಕಮ್ಮಿ. ಹಳೇ ಬಲ್ಬ್‌ಗಳು ಸ್ವಿಚ್ ಹಾಕುವಾಗಲೇ ಟಪ್ ಅಂತ ಹೋಗುತ್ತಿದ್ದುದು ಇದಕ್ಕೇ. ಗೀಸರ್‌ನ ನಿಕ್ರೋಮ್ ಈ ಆಟ ಆಡುವುದಿಲ್ಲ. ಬಿಸಿಯಾದರೂ ಅದರ ರೋಧ ಶೇಕಡಾ ಕೆಲವೇ ಅಂಶ ಬದಲಾಗುತ್ತದೆ. ಅದಕ್ಕೇ ಗೀಸರ್, ಇಸ್ತ್ರಿಪೆಟ್ಟಿಗೆಗಳನ್ನು ಪ್ಲಗ್ ಕಿತ್ತು ತಣ್ಣಗೆ ಅಳೆದರೂ ಲೆಕ್ಕ ಹೊಂದುತ್ತದೆ.

ಸ್ಯಾನ್ ಹೋಸೆ ಕನ್ನಡಿಗ

ಇಸ್ತ್ರಿಪೆಟ್ಟಿಗೆ ಅಂದ ಕೂಡಲೇ ನೆನಪಾಯಿತು. ಊರಿಂದ ತಂದ 1000 ವ್ಯಾಟ್ ಪೆಟ್ಟಿಗೆ ಇಲ್ಲಿ ಅಮೆರಿಕದ 120 ವೋಲ್ಟ್‌ಗೆ ಹಾಕಿದರೆ ಅಂಗೈಯಷ್ಟೇ ಬೆಚ್ಚಗಾಗುತ್ತದೆ. ವೋಲ್ಟ್ ಅರ್ಧ, ಆದ್ದರಿಂದ 500 ವ್ಯಾಟ್ ಆದರೂ ಸಿಗಬೇಕಲ್ಲ ಅಂದುಕೊಂಡಿದ್ದೆ.

ಹಳೇ ವೈಂಡರ್

ಅದೇ ಎರಡು ಸಲ ಬೀಳುವ ಪೆಟ್ಟು. ನಿಮ್ಮ ಪೆಟ್ಟಿಗೆ 52.9 ಓಮ್. 120 ವೋಲ್ಟ್‌ಗೆ 2.27 ಆಂಪ್, 272 ವ್ಯಾಟ್. ಆದರೆ ಇದರ ಉಲ್ಟಾ ಯಾವತ್ತೂ ಮಾಡಬೇಡಿ. ಅಲ್ಲಿಂದ 600 ವ್ಯಾಟ್ ರೈಸ್ ಕುಕ್ಕರ್ ತಂದು ಇಲ್ಲಿ ನೇರ ಪ್ಲಗ್‌ಗೆ ಹಾಕಿದರೆ ಅದರ 24 ಓಮ್ ಕಾಯಿಲ್‌ಗೆ 9.6 ಆಂಪ್ ನುಗ್ಗುತ್ತದೆ. 2200 ವ್ಯಾಟ್. ಅನ್ನ ಆಗುವ ಮೊದಲು ಕುಕ್ಕರ್ ಆಗಿಹೋಗಿರುತ್ತದೆ.

ಬಯಲುಸೀಮೆ ಬೋರ್‌ವೆಲ್

ನಮ್ಮ ಮೋಟರಿಗೆ ಈ ಲೆಕ್ಕ ಯಾಕೆ ಬರುವುದಿಲ್ಲ? 1 ಎಚ್‌ಪಿ ಸಿಂಗಲ್ ಫೇಸ್ ಪಂಪಿನ ರನ್ನಿಂಗ್ ಕಾಯಿಲ್ ಅಳೆದರೆ 3 ಓಮ್. 230 ÷ 3 ಅಂದರೆ 76 ಆಂಪ್, 17 ಸಾವಿರ ವ್ಯಾಟ್! ಪ್ಲೇಟ್ ಮೇಲೆ 7 ಆಂಪ್ ಅಂತಿದೆ. ಇನ್ನೊಂದು, ವೋಲ್ಟೇಜ್ ಬಿದ್ದರೆ ಗೀಸರ್ ಆಂಪ್ ಕಮ್ಮಿ ಎಳೆಯುತ್ತದೆ ಅಂತೀರಿ. ನಮ್ಮ ಮೋಟರು ಜಾಸ್ತಿ ಎಳೆದು ಸುಟ್ಟುಹೋಗುತ್ತದೆ.

ಹಳೇ ವೈಂಡರ್

ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ. ಸುಟ್ಟ ಮೋಟರಿಗೆ ಹೊಸ ಕಾಯಿಲ್ ಸುತ್ತುವುದೇ ನಮ್ಮ ಹೊಟ್ಟೆಪಾಡು.

ಮೋಟರ್ ಬರೀ ಓಮ್‌ನ ವಸ್ತು ಅಲ್ಲ. ಕಾಯಿಲ್ ಕಬ್ಬಿಣದ ಮೇಲೆ ಸುತ್ತಿದೆ, ಒಳಗೆ ರೋಟರ್ ತಿರುಗುತ್ತಿದೆ. ತಿರುಗುವಾಗ ಕಾಯಿಲ್‌ನಲ್ಲೇ ಎದುರು ವೋಲ್ಟೇಜ್ ಹುಟ್ಟಿ ಬರುವ ಕರೆಂಟನ್ನು ತಡೆಯುತ್ತದೆ. ಆ ತಡೆ ನಿಮ್ಮ ಮಲ್ಟಿಮೀಟರ್‌ಗೆ ಕಾಣುವುದಿಲ್ಲ. ಮೀಟರ್ ಒಳಗಿನ ಸಣ್ಣ ಬ್ಯಾಟರಿ ಬರೀ ತಾಮ್ರವನ್ನು ನೋಡಿ 3 ಓಮ್ ಅನ್ನುತ್ತದೆ. ರೋಟರ್ ಜಾಮ್ ಆಗಿ ನಿಂತರೆ ಆ ಎದುರು ವೋಲ್ಟೇಜ್ ಇರುವುದಿಲ್ಲ. ಆಗ 7 ಆಂಪ್ ಇದ್ದದ್ದು ನಾಲ್ಕೈದು ಪಟ್ಟು ಏರುತ್ತದೆ. ಕಲ್ಲು, ಮರಳು ಸಿಕ್ಕಿಕೊಂಡ ಪಂಪ್ ನಿಮಿಷದಲ್ಲಿ ಕಾಯಿಲ್ ಕಳೆದುಕೊಳ್ಳುವುದು ಹೀಗೆ.

ವ್ಯಾಟ್ ಲೆಕ್ಕಕ್ಕೂ ಒಂದು ತಿದ್ದುಪಡಿ ಬೇಕು. 230 × 7 = 1610, ಆದರೆ ಅದು ವ್ಯಾಟ್ ಅಲ್ಲ, ವೋಲ್ಟ್-ಆಂಪ್. ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) 0.75 ಅಂತ ಇಟ್ಟುಕೊಂಡರೆ ಸುಮಾರು 1200 ವ್ಯಾಟ್. ಅದರಲ್ಲಿ 746, ಅಂದರೆ 1 ಎಚ್‌ಪಿ, ಶಾಫ್ಟ್‌ಗೆ, ಮಿಕ್ಕಿದ್ದು ಬಿಸಿಗೆ. ತ್ರೀ ಫೇಸ್ ಆದರೆ 1.732ರಿಂದಲೂ ಗುಣಿಸಬೇಕು. 5 ಎಚ್‌ಪಿ ಮೋಟರ್ 415 ವೋಲ್ಟ್‌ಗೆ 7.5 ಆಂಪ್ ಎಳೆದರೆ 1.732 × 415 × 7.5 × 0.83, ಹತ್ತಿರ ಹತ್ತಿರ 4470 ವ್ಯಾಟ್.

ಇನ್ನು ವೋಲ್ಟೇಜ್ ಬಿದ್ದಾಗ. ಗೀಸರ್‌ಗೆ ಯಾವ ಹಠವೂ ಇಲ್ಲ, ಕೊಟ್ಟಷ್ಟು ತಿನ್ನುತ್ತದೆ. ಮೋಟರಿನ ತಲೆಮೇಲೆ ನೀರಿನ ಭಾರ ಕೂತಿದೆ. ಇಷ್ಟು ಅಡಿ ಮೇಲೆತ್ತಲೇಬೇಕು. ವೋಲ್ಟ್ ಕಮ್ಮಿ ಕೊಟ್ಟರೆ ಆಂಪ್ ಜಾಸ್ತಿ ಎಳೆದು ಸರಿತೂಗಿಸಲು ನೋಡುತ್ತದೆ. 7 ಆಂಪ್ ಇದ್ದದ್ದು 8.4 ಆಯಿತು ಅನ್ನಿ, ಶೇ 20 ಜಾಸ್ತಿ. ಕಾಯಿಲ್ ಬಿಸಿ ಆಂಪ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 7 × 7 × 3 = 147 ವ್ಯಾಟ್ ಇದ್ದದ್ದು 212 ವ್ಯಾಟ್. ಅಂದರೆ ಬಿಸಿ ಶೇ 44 ಜಾಸ್ತಿ. ವಾರ್ನಿಷ್ ಕರಗುತ್ತದೆ, ಸುತ್ತು ಸುತ್ತು ಸೇರಿಕೊಳ್ಳುತ್ತದೆ, ಬಿಚ್ಚಿದರೆ ಕಾಯಿಲ್ ಕಪ್ಪಗಿರುತ್ತದೆ. ಆಂಪ್ ಮಿತಿ ಮೀರಿದರೆ ಮೋಟರ್ ಬಂದ್ ಮಾಡುವ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆ ಅಂತ ಅದನ್ನು ತಪ್ಪಿಸಿ ನೇರ ಕನೆಕ್ಷನ್ ಮಾಡಿಸಿಕೊಳ್ಳುವವರು ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ.

ಬಯಲುಸೀಮೆ ಬೋರ್‌ವೆಲ್

ಓದಿದೆ. ನಮ್ಮ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಎಷ್ಟು ಪಂಪ್ ಎಳೆಯುತ್ತವೆ ಅಂತ ಗೊತ್ತಿದ್ದರೆ ನೀವೇ ಅಳುತ್ತೀರಿ.

ತೋಟದಮನೆ

ಅಳತೆ ಆಯಿತು. ಪರಿಚಯದ ಎಲೆಕ್ಟ್ರಿಷಿಯನ್ ಬಂದಿದ್ದರು.

ಗೀಸರ್ ಆಫ್: ಮೇನ್ ಸ್ವಿಚ್ 214, ಮನೆ ಪಾಯಿಂಟ್ 214
ಗೀಸರ್ ಆನ್: ಮೇನ್ ಸ್ವಿಚ್ 206, ಮನೆ ಪಾಯಿಂಟ್ 187, 6.9 ಆಂಪ್

ಮೀಟರ್ ರಸ್ತೆ ಪಕ್ಕದ ಪಂಪ್ ಶೆಡ್‌ನಲ್ಲಿದೆ. ಅಲ್ಲಿಂದ ಮನೆಗೆ 120 ಮೀಟರ್. ವೈರ್ ದಪ್ಪ 2.5 ಸ್ಕ್ವೇರ್ ಎಂಎಂ, ತಾಮ್ರದ್ದು. ಇದೇ ಗೀಸರ್ ವಿಷಯಕ್ಕೆ ಅವರು ಸ್ಟೆಬಿಲೈಸರ್ ಹಾಕಿ, ಎಲ್ಲಾ ಸರಿಹೋಗುತ್ತದೆ ಅಂದರು. ತರಲಾ?

ಹಳೇ ವೈಂಡರ್

ತರಬೇಡಿ! ಮೊದಲು ಲೆಕ್ಕ ನೋಡಿ.

ಮನೆ ಪಾಯಿಂಟ್‌ನಲ್ಲಿ 214 ಇದ್ದದ್ದು 187 ಆಯಿತು. 27 ವೋಲ್ಟ್ ದಾರಿಯಲ್ಲಿ ಬಿತ್ತು. ಅದರಲ್ಲಿ ಶೆಡ್‌ನ ಮೀಟರ್‌ಗಿಂತ ಮೊದಲು ಬಿದ್ದದ್ದು 8 ವೋಲ್ಟ್, ಅಲ್ಲಿಂದ ಮನೆಗೆ ಬರುವಾಗ 19 ವೋಲ್ಟ್. ಎಲ್ಲಾ ಕಡೆ ಹರಿಯುವ ಆಂಪ್ ಒಂದೇ, 6.9. ಹಾಗಾದರೆ

ಲೈನ್ ಕಡೆ: 8 ÷ 6.9 = 1.16 ಓಮ್
ನಿಮ್ಮ ವೈರ್ ಕಡೆ: 19 ÷ 6.9 = 2.75 ಓಮ್

ಈಗ 2.5 ಸ್ಕ್ವೇರ್ ತಾಮ್ರಕ್ಕೆ ಕಿಲೋಮೀಟರ್‌ಗೆ ಸುಮಾರು 7.4 ಓಮ್. ಕರೆಂಟು ಹೋಗಿ ವಾಪಸ್ ಬರಬೇಕು, ಹಾಗಾಗಿ 120 ಅಲ್ಲ, 240 ಮೀಟರ್ ಹಿಡಿಯಬೇಕು. 1.78 ಓಮ್ ಬರುತ್ತದೆ. ನೀವು ಅಳೆದದ್ದು 2.75. ಹತ್ತಿರ ಹತ್ತಿರ 1 ಓಮ್ ಎಲ್ಲಿಂದ ಬಂತು?

ಇನ್ನೊಂದು ಹೇಳುತ್ತೇನೆ. ಅಂಗಡಿಯಲ್ಲಿ ವೈರ್ ಸುರುಳಿ ಸಾಮಾನ್ಯವಾಗಿ ಬರುವುದು 90 ಮೀಟರ್. ನಿಮ್ಮ ದೂರ 120. ಶೆಡ್‌ನಿಂದ ಎಳೆದಿದ್ದರೆ ಮನೆಗೆ ಮೂವತ್ತು ಮೀಟರ್ ಇರುವಾಗ ಎಲ್ಲೋ ಜಾಯಿಂಟ್ ಇರಲೇಬೇಕು. ಅಲ್ಲಿ 6.9 × 6.9 × 1, ಅಂದರೆ ಸುಮಾರು 47 ವ್ಯಾಟ್ ಬಿಸಿ, ಬೆರಳಿನಷ್ಟು ಜಾಗದಲ್ಲಿ. ಸೋಲ್ಡರಿಂಗ್ ಐರನ್ ಎಷ್ಟು ವ್ಯಾಟ್ ಇರುತ್ತದೆ ಅಂತ ನೋಡಿ. 25 ವ್ಯಾಟ್‌ನದರಲ್ಲಿ ಸೀಸ ಕರಗುತ್ತದೆ.

ಸ್ಟೆಬಿಲೈಸರ್ ವಿಷಯ. ಅದು ಎಲ್ಲಿಂದಲೋ ಪವರ್ ತಂದುಕೊಡುವುದಿಲ್ಲ. ಮನೆಯೊಳಗೆ 230 ಕೊಡಬೇಕಾದರೆ ಅದೇ ಸಪೂರ ದಾರಿಯಲ್ಲಿ ಜಾಸ್ತಿ ಆಂಪ್ ಎಳೆಯಬೇಕು. ನಿಮ್ಮ 27.1 ಓಮ್‌ಗೆ 230 ಸಿಕ್ಕಿದರೆ 1950 ವ್ಯಾಟ್. 3.9 ಓಮ್ ದಾರಿಯಲ್ಲಿ ಅಷ್ಟು ತರಲು ಸುಮಾರು 11.5 ಆಂಪ್ ಬೇಕು. ಆಗ ಸ್ಟೆಬಿಲೈಸರ್‌ಗೆ ಬರುವ ವೋಲ್ಟೇಜೇ 169ಕ್ಕೆ ಇಳಿಯುತ್ತದೆ. ದಾರಿಯಲ್ಲಿ 500 ವ್ಯಾಟ್‌ಗೂ ಜಾಸ್ತಿ ಪೋಲು. ಆ ಜಾಯಿಂಟ್‌ನಲ್ಲಿ 47 ಅಲ್ಲ, 130 ವ್ಯಾಟ್. ಬೆಂಕಿಗೆ ಅಷ್ಟು ಸಾಕು.

ಸುಮ್ನೆ ಓದುಗ

ಜಾಯಿಂಟ್ ಹುಡುಕಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿದರೆ ಆಯಿತಲ್ಲ, ಇಷ್ಟೆಲ್ಲಾ ವೋಲ್ಟ್ ಲೆಕ್ಕ ಯಾಕೆ?

ಹತ್ತನೇ ಕ್ಲಾಸ್ ಮೇಷ್ಟ್ರು

ಸಾದಾ ಮೀಟರ್‌ನ ವೈರ್‌ಗಳೇ 0.3 ಓಮ್ ತೋರಿಸುತ್ತವೆ, ತುದಿ ತುದಿ ಮುಟ್ಟಿಸಿ ನೋಡಿ. ಜೊತೆಗೆ ಅದು ಹರಿಸುವ ಕರೆಂಟು ತೀರಾ ಸಣ್ಣದು. ತುಕ್ಕು ಹಿಡಿದ ಜಾಯಿಂಟ್ ಒಂದು ಮಿಲಿಆಂಪ್‌ಗೆ ಒಂದು ಥರ, ಏಳು ಆಂಪ್‌ಗೆ ಇನ್ನೊಂದು ಥರ ಇರುತ್ತದೆ. ಲೋಡ್ ಹಾಕಿ ವೋಲ್ಟ್ ಎಷ್ಟು ಬಿತ್ತು ಅಂತ ನೋಡಿ ಆಂಪ್‌ನಿಂದ ಭಾಗಿಸುವುದೇ ಇಂಥ ಸಣ್ಣ ಓಮ್‌ಗೆ ಒಳ್ಳೆ ದಾರಿ. ಓಮ್ ಸೆಟ್ಟಿಂಗ್‌ನಲ್ಲಿ ಇಟ್ಟು ಕರೆಂಟ್ ಇರುವ ವೈರ್ ಮುಟ್ಟಬಾರದು ಅನ್ನುವುದು ಗೊತ್ತೇ ಇದೆಯಲ್ಲ.

ದಾರಿ ನಷ್ಟದ ಮಾತು ಬಂದಿದ್ದಕ್ಕೆ ಒಂದು ಹೇಳಿಬಿಡುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟ್ ಒಯ್ದರಲ್ಲ, ಅವರಿಗೂ ಇದೇ ತಲೆನೋವು. ಅದಕ್ಕೇ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಕಳಿಸಿದರು. ಅದೇ ಪವರನ್ನು ಹತ್ತು ಪಟ್ಟು ವೋಲ್ಟೇಜ್‌ನಲ್ಲಿ ಕಳಿಸಿದರೆ ಆಂಪ್ ಹತ್ತನೇ ಒಂದು, ತಂತಿಯ ನಷ್ಟ ನೂರನೇ ಒಂದು. 230ರಲ್ಲೇ ಕಳಿಸಿದ್ದರೆ ಗಣಿಯಲ್ಲಿ ಒಂದು ಬಲ್ಬೂ ಹೊತ್ತುತ್ತಿರಲಿಲ್ಲ.

ತೋಟದಮನೆ

ಜಾಯಿಂಟ್ ಸಿಕ್ಕಿತು!

ಅಡಿಕೆ ಮರಕ್ಕೆ ಕಟ್ಟಿದ ನೀರಿನ ಬಾಟಲಿ ಒಳಗೆ. ಮಳೆ ನೀರು ತಾಗದಿರಲಿ ಅಂತ ಬಾಟಲಿಯ ತಳ ಕತ್ತರಿಸಿ ಬೋರಲು ಹಾಕಿದ್ದಾರೆ. ಮೇನ್ ಆಫ್ ಮಾಡಿ ಬಿಚ್ಚಿದೆವು. ಫೇಸ್ ಜಾಯಿಂಟ್ ಪರವಾಗಿಲ್ಲ. ನ್ಯೂಟ್ರಲ್‌ನ ಟೇಪ್ ಗಟ್ಟಿಯಾಗಿ ಸಿಪ್ಪೆಯಂತೆ ಎದ್ದುಬಂತು. ಒಳಗೆ ತಾಮ್ರ ಹಸಿರುಗಟ್ಟಿದೆ, ಎರಡು ಸುತ್ತು ಸುಮ್ನೆ ತಿರುವಿ ಬಿಟ್ಟಿದ್ದಾರೆ. ಆಚೀಚೆ ನಾಲ್ಕು ಬೆರಳಷ್ಟು ವೈರ್ ಮೇಲಿನ ಪ್ಲಾಸ್ಟಿಕ್ ಕಂದಿದೆ. ಬಾಟಲಿಯ ಒಂದು ಕಡೆ ಕರಗಿ ಒಳಗೆ ಬಾಗಿದೆ.

ಕೊಳೆತ ತುದಿ ಕತ್ತರಿಸಿ, ತಾಮ್ರದ ಫೆರೂಲ್ (ಎರಡು ವೈರ್ ತುದಿ ಸೇರಿಸುವ ಸಣ್ಣ ಕೊಳವೆ) ಹಾಕಿ ಒತ್ತಿಸಿ, ಎರಡನ್ನೂ ಮುಚ್ಚಳ ಇರುವ ಜಂಕ್ಷನ್ ಬಾಕ್ಸ್ ಒಳಗೆ ಹಾಕಿಸಿದೆ. ಈಗ ಗೀಸರ್ ಆನ್ ಇದ್ದಾಗ 193 ವೋಲ್ಟ್, 7.1 ಆಂಪ್.

ಹಳೇ ವೈಂಡರ್

193 ÷ 7.1 = 27.2. ಗೀಸರ್ ಓಮ್ ಅಲ್ಲೇ ಇದೆ ನೋಡಿ. ಪವರ್ 1370 ವ್ಯಾಟ್. ಏರಿದ್ದು 80 ವ್ಯಾಟ್ ಮಾತ್ರ, ಆದರೆ ದೊಡ್ಡದೊಂದು ಗಂಡಾಂತರ ತಪ್ಪಿತು.

ತೋಟದಮನೆ

ವೈರ್ 6 ಸ್ಕ್ವೇರ್‌ಗೆ ಬದಲಿಸಿದರೆ ಎಷ್ಟು ಸಿಗಬಹುದು?

ಹತ್ತನೇ ಕ್ಲಾಸ್ ಮೇಷ್ಟ್ರು

6 ಸ್ಕ್ವೇರ್ ತಾಮ್ರ ಕಿಲೋಮೀಟರ್‌ಗೆ ಸುಮಾರು 3.1 ಓಮ್. 240 ಮೀಟರ್‌ಗೆ 0.74. ಒಟ್ಟು ಸೇರಿಸಿ: 1.16 + 0.74 + 27.1 = 29 ಓಮ್. 214 ÷ 29 = 7.38 ಆಂಪ್. ಗೀಸರ್‌ಗೆ 200 ವೋಲ್ಟ್, ಸುಮಾರು 1475 ವ್ಯಾಟ್. ಒಂದು ಸಲ ನೀರು ಕಾಯುವುದರಲ್ಲಿ ಎರಡು ನಿಮಿಷ ಉಳಿಯುತ್ತದೆ. ಬರೀ ಗೀಸರ್‌ಗಾದರೆ ಅಷ್ಟು ದುಡ್ಡು ಸುರಿಯುವುದು ದಂಡ. ಮುಂದೆ ಮನೆಗೆ ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್ ಅಂತ ಬರುವುದಿದ್ದರೆ ಬೇರೆ ಮಾತು. ಎಲ್ಲಾ ಒಟ್ಟಿಗೆ 15 ಆಂಪ್ ಎಳೆದರೆ ಈಗಿನ ವೈರ್‌ನಲ್ಲೇ 27 ವೋಲ್ಟ್ ಹೋಗುತ್ತದೆ.

ಹಳೇ ವೈಂಡರ್

ಮತ್ತೊಂದು. ಲೋಡ್ ಇಲ್ಲದೆಯೇ 214 ಅಂದರೆ ಅದೂ ಸರಿಯಿಲ್ಲ. 1956ರ ವಿದ್ಯುತ್ ನಿಯಮದಲ್ಲೇ ಶೇ 6ಕ್ಕಿಂತ ಜಾಸ್ತಿ ಆಚೀಚೆ ಆಗಬಾರದು ಅಂತಿತ್ತು. 230ಕ್ಕೆ ಅದು 216. ಸೆಕ್ಷನ್ ಆಫೀಸಿಗೆ ಅರ್ಜಿ ಕೊಡುವಾಗ ‘ಕರೆಂಟ್ ಡಿಮ್ ಇದೆ’ ಅಂತ ಬರೆಯಬೇಡಿ. ಮೇನ್ ಸ್ವಿಚ್‌ನಲ್ಲಿ ಲೋಡ್ ಇಲ್ಲದೆ 214, ಏಳು ಆಂಪ್ ಲೋಡ್‌ಗೆ 206 ಅಂತ ಬರೆಯಿರಿ. ಬೆಳಿಗ್ಗೆ, ಸಂಜೆ ಏಳು ಗಂಟೆ, ರಾತ್ರಿ ಹತ್ತರ ಅಳತೆಯನ್ನೂ ಹಾಕಿ. ಏಳು ಆಂಪ್‌ಗೆ 8 ವೋಲ್ಟ್ ಬೀಳುತ್ತಿದೆ ಅಂದರೆ ಕಂಬದ ಮೇಲಿನ ಸರ್ವಿಸ್ ವೈರ್ ಕನೆಕ್ಷನ್ ಕೂಡ ಸಡಿಲ ಇರಬಹುದು. ಅದನ್ನು ಲೈನ್‌ಮನ್ನೇ ಹತ್ತಿ ನೋಡಬೇಕು, ನಿಮ್ಮ ಎಲೆಕ್ಟ್ರಿಷಿಯನ್ ಹತ್ತಬಾರದು.

ತೋಟದಮನೆ

ವೈರ್ ಸದ್ಯಕ್ಕೆ ಹಾಗೇ ಇರಲಿ. ಮಳೆ ಬಿಟ್ಟ ಮೇಲೆ ಡ್ರಿಪ್ ಪೈಪಿಗೆ ಹೇಗೂ ಕಾಲುವೆ ತೋಡಿಸುವುದಿದೆ. ಅದರ ಪಕ್ಕದಲ್ಲೇ ಬೇರೆ ಪೈಪ್ ಹಾಕಿ 6 ಸ್ಕ್ವೇರ್ ಕೇಬಲ್ ಮಧ್ಯೆ ಜಾಯಿಂಟ್ ಇಲ್ಲದೆ ಎಳೆಸುತ್ತೇನೆ. 120 ಮೀಟರ್ ಒಂದೇ ತುಂಡು ಬೇಕು ಅಂದರೆ ಅಂಗಡಿಯವರು ಡ್ರಮ್‌ನಿಂದ ಕತ್ತರಿಸಿ ಕೊಡುತ್ತಾರಂತೆ, ಕೇಳಿ ಆಯಿತು. ಅರ್ಜಿ ನಾಳೆಯೇ ಕೊಡುತ್ತೇನೆ.

ಬಯಲುಸೀಮೆ ಬೋರ್‌ವೆಲ್

ಆ ಅರ್ಜಿಯ ಒಕ್ಕಣೆ ಇಲ್ಲೂ ಹಾಕಿ. ಅಂಕಿ ಬದಲಿಸಿ ನಮ್ಮ ಟಿಸಿಗೂ ಒಂದು ಕೊಡುವುದಿದೆ.